ಒಲೆಯಲ್ಲಿ ಕೇಳಿದ್ದು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡುವ ಪದ್ಧತಿ ಇಲ್ಲ. ಪಾನಕ ಕೊಡುತ್ತಾರೆ, ಇಲ್ಲವೇ ಮಜ್ಜಿಗೆ. ಕಾಫಿ ಎಂದರೆ ಒಲೆ ಹಚ್ಚಬೇಕು, ಒಲೆ ಹಚ್ಚಿದರೆ ಹೆಣ್ಣು ಒಪ್ಪಿಗೆಯಾಯಿತೋ ಇಲ್ಲವೋ ಎನ್ನುವುದು ಹುಡುಗಿಯ ಅಪ್ಪನಿಗಿಂತ ಮೊದಲು ಬೇರೆ ಯಾರದೋ ಅಡುಗೆಮನೆಗೆ ತಿಳಿದಿರುತ್ತದೆ. ಗ್ಯಾಸು ಕೊಳವೆಯಲ್ಲಿ ಬರಲು ಶುರುವಾದ ದಿನದಿಂದ ಹೀಗೇ. ಒಲೆ ಉರಿಯುವಷ್ಟು ಹೊತ್ತೂ ಅದೇ ಸಾಲಿನಲ್ಲಿ ಒಲೆ ಹಚ್ಚಿಕೊಂಡ ಮನೆಗಳ ಮಾತು ನಮ್ಮ ಬರ್ನರಿನಲ್ಲಿ ಕೇಳುತ್ತದೆ, ನಮ್ಮದು ಅವರಿಗೆ ಕೇಳುತ್ತದೆ. ಯಾರು ಯಾವ ಸಾಲು ಅನ್ನುವುದು ಕಂಪನಿಗೆ ಮಾತ್ರ ಗೊತ್ತು. ಸಾಲು ಬೀದಿ ಹಿಡಿದು ಹೋಗುವುದಿಲ್ಲ. ಗೋಡೆ ಆಚೆಯವರು ಬೇರೆ ಸಾಲಿನಲ್ಲಿರಬಹುದು, ರೈಲ್ವೆ ಗೇಟಿನ ಆಚೆಯವರು ನಮ್ಮ ಸಾಲಿನಲ್ಲಿರಬಹುದು. ಮೊದಮೊದಲು ಜನ ಕಂಪನಿಯ ಮೇಲೆ ದೂರು ಕೊಟ್ಟರಂತೆ. ಸದ್ದು ಅನಿಲದ ಸಹಜ ಗುಣ, ಅದಕ್ಕೆ ಕಂಪನಿ ಹೊಣೆಯಲ್ಲ ಎಂದು ಉತ್ತರ ಬಂತಂತೆ. ಆಮೇಲೆ ಎಲ್ಲರೂ ರೂಢಿ ಮಾಡಿಕೊಂಡರು. ಜಗಳ ಆಡುವುದಿದ್ದರೆ ಬಚ್ಚಲಿಗೆ ಹೋಗುತ್ತಾರೆ, ಹಂಡೆಯ ಒಲೆ ಇನ್ನೂ ಸೌದೆಯದು. ಅಡುಗೆಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಬಾರದೆಂದು ಮಕ್ಕಳಿಗೆ ತೊದಲು ಮಾತಿನ ವಯಸ್ಸಿನಲ್ಲೇ ಕಲಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಒಲೆಯಲ್ಲಿ ಕೇಳಿದ್ದು ಒಲೆಗೇ. ಹೊರಗೆ ಆಡಬಾರದು, ಒಲೆಗೆ ಎದುರುತ್ತರ ಕೊಡಬಾರದು. ಹಾಗೆ ಉತ್ತರ ಕೊಟ್ಟ ಒಬ್ಬ ಹೆಂಗಸಿನ ಮನೆಗೆ ಆಮೇಲೆ ನೆಂಟರಿಷ್ಟರು ಕಾಲಿಡಲಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು.

ನನ್ನ ಹೆಸರು ಕುಮುದಾ. ಬರೆಯುವುದಕ್ಕೆ ಸುಲಭ, ಹೇಳುವುದಕ್ಕೆ ಕಷ್ಟ. ಚಿಕ್ಕಂದಿನಿಂದ ನನಗೆ ಉಗ್ಗು. ಅದರಲ್ಲೂ ‘ಕ’ ಬಂದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ಕೂತುಬಿಡುತ್ತದೆ. ಕಡಲೆಬೇಳೆ ಕೇಳಲಾಗದೆ ಹೆಸರುಬೇಳೆ ಹಿಡಿದುಕೊಂಡು ಬಂದ ದಿನಗಳಿವೆ. ನನ್ನ ಗಂಡ ಸಾಧು ಮನುಷ್ಯ. ನಾನು ಮಾತಿನ ನಡುವೆ ಸಿಕ್ಕಿಕೊಂಡರೆ ತಾವೇ ಮುಗಿಸಿಕೊಡುತ್ತಾರೆ. ಅರ್ಧ ಸಲ ನಾನು ಹೇಳಬೇಕೆಂದದ್ದು ಅದಾಗಿರುವುದಿಲ್ಲ, ಆದರೂ ಹೌದು ಎಂದು ತಲೆ ಆಡಿಸಿಬಿಡುತ್ತೇನೆ. ಅವರು ಅಂಗಡಿಗೆ, ಮಗಳು ಕಾಲೇಜಿಗೆ ಹೋದ ಮೇಲೆ, ಅನ್ನಕ್ಕಿಟ್ಟು ಒಲೆಯ ಪಕ್ಕ ಸ್ಟೂಲು ಎಳೆದುಕೊಂಡು ದಿನಪತ್ರಿಕೆ ಗಟ್ಟಿಯಾಗಿ ಓದುತ್ತೇನೆ. ಓದಿ ಓದಿ ನಾಲಿಗೆ ಸಡಿಲವಾಗುತ್ತದೆ ಎಂದು ಯಾರೋ ಹೇಳಿದ್ದರು. ಉರಿ ತೀರಾ ಸಣ್ಣದಾಗಿದ್ದರೆ ಸದ್ದು ಹೋಗುವುದಿಲ್ಲ ಎನ್ನುವ ನಂಬಿಕೆ ನನ್ನದು.

ಆದರೆ ನನಗೆ ಬೇರೆಯವರದು ಕೇಳುತ್ತಿತ್ತು. ಒಬ್ಬರು ಸದಾ ಕೆಮ್ಮುತ್ತಿದ್ದರು. ಒಂದು ಮನೆಯಲ್ಲಿ ಕೂಸು ಅಳುತ್ತಿತ್ತು. ಇನ್ನೊಬ್ಬಾಕೆ ಹಾಲಿನ ಜೊತೆ ಮಾತಾಡುತ್ತಿದ್ದಳು. “ತಡೀ ತಾಯಿ, ಈಗಲೇ ಎದ್ದು ಬರಬೇಡ, ಲೋಟ ತೊಳಕೊಳ್ಳೋವರೆಗಾದ್ರೂ ಸುಮ್ನಿರು” ಎಂದು ಮುದ್ದುಗರೆಯುವಳು. ಹಾಲು ಉಕ್ಕಿದರೆ ಬೈಯುವಳು, ಉಕ್ಕದಿದ್ದರೆ ಹೊಗಳುವಳು. ವಯಸ್ಸು ಐವತ್ತು ದಾಟಿರಬೇಕು ಎಂದುಕೊಂಡಿದ್ದೆ. ಮನಸ್ಸಿನಲ್ಲೇ ಹಾಲಿನಮ್ಮ ಎಂದು ಹೆಸರಿಟ್ಟಿದ್ದೆ. ಆಕೆ ಹಾಲಿಡುವ ಹೊತ್ತಿಗೇ ನಾನೂ ಅನ್ನಕ್ಕಿಡುವುದು ಅಭ್ಯಾಸವಾಗಿಹೋಗಿತ್ತು. ಒಂದು ದಿನ ಆ ದನಿ ಕೇಳದಿದ್ದರೆ ಮನೆ ಬಿಕೋ ಎನ್ನುವುದು.

ಆ ದಿನ ಬೆಳಗ್ಗೆ ಎಂದಿನಂತೆ ಕರೆಂಟು ಹೋಗಿತ್ತು. ನಮ್ಮಲ್ಲಿ ಕರೆಂಟಿನದೂ ಗ್ಯಾಸಿನದೂ ಒಂದೇ ಕಂಪನಿ. ಬೆಳಗಿನ ಹೊತ್ತು ತೆಗೆಯುತ್ತಾರೆ, ಅವರಿಗೆ ಮನಸ್ಸು ಬಂದಾಗ ಕೊಡುತ್ತಾರೆ. ಒಲೆ ಹಚ್ಚಿದೆ. ಹಾಲಿನಮ್ಮ ಅಲ್ಲಿದ್ದಳು. ದನಿ ಯಾಕೋ ಎಂದಿನ ಹಾಗಿರಲಿಲ್ಲ. “ಯಾಕೋ ತಲೆ ಹಗುರ ಆಗ್ತಿದೆಯಲ್ಲ ತಾಯಿ, ನೀನು ಬೇಗ ಕಾಯಿ ಇವತ್ತು” ಎಂದಳು. ನಾನು ಪತ್ರಿಕೆ ಬಿಡಿಸುತ್ತಿದ್ದೆ. ಲೋಟ ಬಿದ್ದ ಸದ್ದು ಮೊದಲು ಬಂತು, ಅದರ ಹಿಂದೆಯೇ ಭಾರವಾದದ್ದೊಂದು ಧೊಪ್ಪನೆ ಬಿದ್ದ ಸದ್ದು. ಒಂದು ತಟ್ಟೆ ನೆಲದ ಮೇಲೆ ಗಿರಗಿರ ಸುತ್ತಿ ನಿಂತಿತು.

ನಾನು ಬಗ್ಗಿ ಕಿವಿಯನ್ನು ಉರಿಯ ಹತ್ತಿರ ಒಯ್ದೆ. ಕೆಮ್ಮುವವರ ಮನೆಯಲ್ಲಿ ಯಾರೋ ಸೌಟು ಆಡಿಸುತ್ತಿದ್ದರು. ಕೂಸು ಕೇಕೆ ಹಾಕುತ್ತಿತ್ತು. ಹಾಲಿನಮ್ಮನ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಹಾಲು ಉಕ್ಕುವ ಸದ್ದು ಕೇಳಿತು. ಬೈಗುಳ ಬರಲಿಲ್ಲ. ಹಾಲು ಬರ್ನರಿನ ಮೇಲೆ ಸುರಿದು ಸುಯ್ ಎಂದಿತು. ಆಮೇಲೆ ಉಳಿದದ್ದು ಹಾವು ಬುಸುಗುಟ್ಟಿದಂತೆ ಒಂದೇ ಸಮನೆ ಒಂದು ಸದ್ದು.

ಒಲೆ ಹಚ್ಚುವ ಯಾವ ಹೆಂಗಸಿಗಾದರೂ ಆ ಸದ್ದು ಗೊತ್ತು. ಉರಿ ಆರಿದೆ, ತಿರುಪು ತೆರೆದಿದೆ, ಗ್ಯಾಸು ಹರಿಯುತ್ತಿರುವುದರಿಂದ ಸದ್ದೂ ಹರಿದು ಬರುತ್ತಿದೆ. ಬಿದ್ದವಳು ಎದ್ದಿಲ್ಲ. ಕಿಟಕಿ ತೆರೆದಿದೆಯೋ ಮುಚ್ಚಿದೆಯೋ, ಮನೆಯಲ್ಲಿ ಇನ್ನೊಬ್ಬರು ಇದ್ದಾರೋ ಇಲ್ಲವೋ. ಆಗಲೇ ನನಗೆ ಕರೆಂಟಿನ ನೆನಪಾಗಿದ್ದು. ಅವಳ ಮನೆಯ ಫ್ರಿಜ್ಜಿನ ಗೊರಗೊರ ನಾನು ಎಷ್ಟೋ ಸಲ ಕೇಳಿದ್ದೆ. ಮುದಿ ಫ್ರಿಜ್ಜು, ಶುರುವಾಗುವಾಗ ಚಟ್ಟೆಂದು ಸದ್ದು ಮಾಡಿಯೇ ಶುರುವಾಗುವುದು. ಗ್ಯಾಸು ತುಂಬಿದ ಅಡುಗೆಮನೆಯಲ್ಲಿ ಆ ಒಂದು ಚಟ್ಟು ಸಾಕು.

ಮೊಬೈಲು ತೆಗೆದುಕೊಂಡು ಕಂಪನಿಗೆ ಫೋನು ಹಚ್ಚಿದೆ. ಜನ್ಮದಲ್ಲಿ ನಾನಾಗಿ ಯಾರಿಗೂ ಫೋನು ಮಾಡಿದವಳಲ್ಲ. ಮೊದಲು ಸಂಗೀತ ಬಂತು. ಆಮೇಲೆ ಒಂದು ಯಂತ್ರದ ಹೆಣ್ಣುದನಿ, “ನಮಸ್ಕಾರ, ನಿಮ್ಮ ತೊಂದರೆಯನ್ನು ಒಂದೇ ಪದದಲ್ಲಿ ಹೇಳಿ” ಎಂದಿತು.

“ಗ್ಯಾ... ಗ್ಯಾ... ಗ್ಯಾ...”

“ಕ್ಷಮಿಸಿ, ನಿಮ್ಮ ಮಾತು ಅರ್ಥವಾಗಲಿಲ್ಲ. ದಯವಿಟ್ಟು ಸ್ಪಷ್ಟವಾಗಿ ಹೇಳಿ.”

ಕಣ್ಣು ಮುಚ್ಚಿಕೊಂಡು ಉಸಿರೆಳೆದುಕೊಂಡೆ. ಮತ್ತೆ ಹೇಳಿದೆ, ಮತ್ತೆ ಸಿಕ್ಕಿಕೊಂಡೆ. ಕ್ಷಮಿಸಿ ಎಂದಿತು, ಧನ್ಯವಾದ ಎಂದಿತು, ಫೋನು ಇಟ್ಟಿತು. ಮತ್ತೆ ಮಾಡಿದೆ. ಈ ಸಲ ಬೇಕೆಂದೇ ಏನೂ ಹೇಳದೆ ಸುಮ್ಮನಿದ್ದೆ. ಸುಮ್ಮನಿದ್ದವರನ್ನು ಅದು ಮನುಷ್ಯರ ಹತ್ತಿರ ಕಳಿಸುತ್ತದೆ ಎಂದು ಮಗಳು ಯಾವತ್ತೋ ಅಂದಿದ್ದಳು. ಗ್ಯಾಸಿನ ವಿಭಾಗದ ಹುಡುಗಿ ಸಿಕ್ಕಿದಳು. ಒಳ್ಳೆಯ ಹುಡುಗಿಯೇ. ನಾನು ತಡವರಿಸಿದ್ದನ್ನೆಲ್ಲ ಕೇಳಿಕೊಂಡಳು.

“ಅಮ್ಮ, ನಿಮ್ಮ ಮನೆಯಲ್ಲಿ ವಾಸನೆ ಬರ್ತಿದೆಯಾ?”

“ನ... ನಮ್ಮನೇಲಿ ಅಲ್ಲ. ಬೇ... ಬೇರೆಯವರ ಮನೇಲಿ. ಸಾಲು ಬಂದ್ ಮಾಡಿ. ಇಡೀ ಸಾಲು.”

“ಅವರ ಗ್ರಾಹಕ ಸಂಖ್ಯೆ ಹೇಳಿ.”

“ಗೊತ್ತಿಲ್ಲ.”

“ಅವರ ಹೆಸರು? ವಿಳಾಸ?”

“ಗೊತ್ತಿಲ್ಲಮ್ಮ. ಒ... ಒಲೆಯಲ್ಲಿ ಕೇಳಿಸ್ತು.”

ಅವಳ ದನಿ ತಗ್ಗಿತು. ಒಲೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವವಳು ಎಂಥವಳು ಎಂದು ಅವಳಿಗೆ ಅನ್ನಿಸಿರಬೇಕು. ಅವಳೂ ಇದೇ ಊರಿನ ಹೆಣ್ಣು. “ಸದ್ದಿನ ದೂರಾದರೆ ಬರೆದುಕೊಳ್ಳುತ್ತೇನೆ ಅಮ್ಮ. ಮೇಲಿನವರು ನೋಡುತ್ತಾರೆ. ನಿಮ್ಮ ಸಾಲಿನಲ್ಲಿ ಯಾರಿದ್ದಾರೆ ಅಂತ ನಾವು ಹೇಳುವ ಹಾಗಿಲ್ಲ” ಎಂದಳು. ಕರೆಂಟಿನ ವಿಭಾಗಕ್ಕಾದರೂ ಕೊಡು ಎಂದು ಬೇಡಿಕೊಂಡೆ. ಮತ್ತೆ ಸಂಗೀತ. ಈ ಸಲ ಒಬ್ಬ ಗಂಡಸು. ಹಿಂದೆ ಹತ್ತಾರು ಜನ ಫೋನಿನಲ್ಲಿ ಮಾತಾಡುವ ಗದ್ದಲ.

“ಹೇಳಿ ಅಮ್ಮ, ಕರೆಂಟಿಲ್ವಾ?”

“ಕ... ಕ... ಕರೆಂಟು ಕೊ... ಕೊಡ...”

“ಕೊಡಿ ಅಂತೀರಾ. ಗೊತ್ತಾಯ್ತು ಅಮ್ಮ, ಬೆಳಗ್ಗೆಯಿಂದ ಎಲ್ಲರದೂ ಅದೇ.”

“ಅ... ಅಲ್ಲ. ಕೊ... ಕೊಡ ಬೇ...”

“ಬೇಗ ಕೊಡಿ. ಆಯ್ತಮ್ಮ, ನೀವು ಗಾಬರಿ ಮಾಡ್ಕೋಬೇಡಿ. ದನಿ ಕೇಳಿದ್ರೇನೇ ಗೊತ್ತಾಗತ್ತೆ ಎಷ್ಟು ತೊಂದರೆ ಆಗಿದೆ ಅಂತ. ನಿಮ್ಮ ಕಡೆಗೇ ಮೊದಲು ಕೊಡೋಕೆ ಹೇಳ್ತೀನಿ.”

ಫೋನು ಇಟ್ಟುಬಿಟ್ಟ. ಒಳ್ಳೆಯ ಮನಸ್ಸಿನಿಂದಲೇ ಇಟ್ಟ. ನಾನು ಆ ಮೊಬೈಲನ್ನು ಹಿಡಿದುಕೊಂಡು ನಿಂತೇ ಇದ್ದೆ.  ಇನ್ನೊಂದು ಸಲ ಮಾಡುವ ಧೈರ್ಯ ಬರಲಿಲ್ಲ. ಬೆಂಕಿ ಆರಿಸುವವರನ್ನು ಕರೆಯೋಣವೆಂದರೆ ಅವರೂ ಕೇಳುವುದು ಅದೇ, ಯಾವ ಮನೆ? ಬರ್ನರಿನಲ್ಲಿ ಬುಸುಗುಟ್ಟುವುದು ನಿಂತಿರಲಿಲ್ಲ. ಕೆಮ್ಮುವವರ ಮನೆಯಲ್ಲಿ ಸೌಟಿನ ಸದ್ದು ನಿಂತುಹೋಗಿತ್ತು. ಕೂಸಿನ ಬಾಯಿಯನ್ನು ಯಾರೋ ಮೆತ್ತಗೆ ಮುಚ್ಚಿದಂತಿತ್ತು. ಆಗ ನನಗೆ ಹೊಳೆಯಿತು. ಸಾಲಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ. ಎಲ್ಲರೂ ನನ್ನ ಹಾಗೇ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಯಾರೂ ಬಾಯಿ ಬಿಡುತ್ತಿಲ್ಲ.

ಒಲೆಯ ತಿರುಪನ್ನು ಪೂರ್ತಿ ತಿರುಗಿಸಿದೆ. ನೀಲಿ ಉರಿ ಮೇಲೆದ್ದಿತು. ಬಗ್ಗಿ, ಮುಖ ಸುಡುವಷ್ಟು ಹತ್ತಿರ ಹೋಗಿ, ಬಾಯಿ ತೆರೆದೆ.

“ಕೇ... ಕೇ... ಕೇಳಿಸ್ತಿದೆಯಾ? ಆ... ಆ...”

ನಾಲಿಗೆ ನಿಂತಿತು. ಹಣೆಯಿಂದ ಬೆವರು ಇಳಿಯಿತು. ಉರಿಯಲ್ಲಿ ಯಾರೂ ಇಲ್ಲ. ಅತ್ತೆ ಹೇಳಿದ ಹೆಂಗಸಿನ ಕಥೆ ನೆನಪಾಯಿತು. ಆಗ ಒಂದು ಕೆಮ್ಮು ಕೇಳಿತು, ಅದರ ಹಿಂದೆ ಗೊಗ್ಗರು ದನಿ.

“ಪೇಪರ್ ಓದೋ ಅಮ್ಮ ಅಲ್ವಾ? ನಿಧಾನವಾಗಿ ಹೇಳಿ ತಾಯಿ. ಕಾಯ್ತೀವಿ. ದಿನಾ ಕಾಯ್ತೀವಲ್ಲ.”

ನನ್ನ ಕಿವಿ ಕಾದುಹೋಯಿತು. ಇಷ್ಟು ವರ್ಷ ನಾನು ಒಂದೊಂದು ಸುದ್ದಿಯ ಮೇಲೂ ಎಡವಿ ಬಿದ್ದದ್ದನ್ನು ಇವರೆಲ್ಲ ಕೇಳಿದ್ದಾರೆ. ಆದರೆ ನಾಚಿಕೆ ಪಡುವುದಕ್ಕೂ ಆಗ ಪುರುಸೊತ್ತಿರಲಿಲ್ಲ. “ಹಾ... ಹಾಲು ಕಾಸೋರು ಬಿದ್ದಿದ್ದಾರೆ. ಗ್ಯಾಸು ಹೋಗ್ತಾ ಇದೆ. ಕ... ಕ... ಕರೆಂಟು ಬಂದ್ರೆ...” ಎಂದೆ. ಅವರು ನನ್ನನ್ನು ಮುಗಿಸಲು ಬಿಟ್ಟರು. ಮುಗಿಸಿದೆ. “ಅವರ ಮನೆ ಯಾ... ಯಾರಿಗಾದರೂ ಗೊತ್ತಾ?”

“ನಮಗೂ ಬಿದ್ದದ್ದು ಕೇಳಿಸ್ತು. ಮನೆ ಗೊತ್ತಿಲ್ಲ” ಎಂದಳು ಕೂಸಿನ ತಾಯಿ. ಗೊತ್ತಿಲ್ಲ ಎಂದು ಇನ್ನೊಂದೆರಡು ದನಿ ಬಂತು. ಕೆಮ್ಮುವವರು ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟರು. ಅಷ್ಟರಲ್ಲಿ ನಾನು ಯಾವತ್ತೂ ಕೇಳಿರದ ಒಂದು ಹೆಣ್ಣುದನಿ, ತೀರಾ ಹತ್ತಿರದಿಂದ ಬಂದ ಹಾಗೆ, “ನನಗೆ ಗೊತ್ತು” ಎಂದಿತು.



“ಹೇಳಮ್ಮ” ಎಂದರು ಕೆಮ್ಮುವವರು.

“ಅವಳು ನಮ್ಮ ಅತ್ತಿಗೆ. ಅಂಬುಜಾಕ್ಷಿ ಅಂತ.” ಉರಿಯಲ್ಲಿ ಒಬ್ಬರ ಹೆಸರು ಕೇಳಿದ್ದು ನನಗೆ ಅದೇ ಮೊದಲು. ಮೈ ಜುಂ ಎಂದಿತು. “ಅವಳ ಮಗ ಸೊಸೆ ಇಬ್ಬರೂ ಬೆಳಗ್ಗೆಯೇ ಕೆಲಸಕ್ಕೆ ಹೋಗ್ತಾರೆ. ನಾವು ಮಾತು ಬಿಟ್ಟು ಬಹಳ ಕಾಲ ಆಯ್ತು. ನಮ್ಮಣ್ಣ ಸತ್ತ ದಿನ ಆಡಬಾರದ ಮಾತು ಆಡಿದ್ದೆ. ಆ ಹೊಸಿಲು ತುಳಿಯಲ್ಲ ಅಂತ ಬಂದುಬಿಟ್ಟೆ. ಆದ್ರೂ ಅವಳು ಹಾಲಿಡೋ ಹೊತ್ತಿಗೆ ದಿನಾ ಒಲೆ ಹಚ್ಚುತ್ತೀನಿ. ಸುಮ್ನೆ ಹಚ್ಚಿಕೊಂಡು ಕೂತಿರ್ತೀನಿ.”

“ಮನೆ ಎಲ್ಲಿ, ಅದು ಹೇಳು” ಎಂದರು ಕೆಮ್ಮುವವರು.

“ಐಸ್ ಫ್ಯಾಕ್ಟರಿ ಹಿಂದಿನ ಓಣಿ. ಹಸಿರು ಗೇಟು, ಕೊನೇ ಮನೆ. ನಾನು ರೈಲ್ವೆ ಗೇಟಿನ ಈಚೆ ಇದ್ದೀನಿ. ಓಡಿದ್ರೂ ಮುಟ್ಟೋದಿಲ್ಲ.” ದನಿ ಒಡೆಯಿತು.

ಐಸ್ ಫ್ಯಾಕ್ಟರಿಯ ಗೋಡೆ ನಮ್ಮ ಹಿತ್ತಲಿನಿಂದ ಕಾಣುತ್ತದೆ. ಇಷ್ಟು ವರ್ಷ ಆ ದನಿ ಇದ್ದದ್ದು ಇಲ್ಲೇ, ಗೋಡೆಯ ಆಚೆ. “ನಾ... ನಾನು ಹೋಗ್ತೀನಿ” ಎಂದೆ. “ಮೀಟರ್ ಬೋರ್ಡು ಹೊರಗಡೆ ಇದ್ರೆ ಮೊದಲು ಫ್ಯೂಸು ಕಿತ್ತುಬಿಡಿ. ಬೆಲ್ಲು ಒತ್ತಬೇಡಿ, ಒಳಗೆ ಯಾವ ಸ್ವಿಚ್ಚೂ ಮುಟ್ಟಬೇಡಿ” ಎಂದು ಕೆಮ್ಮುವವರು ಕೂಗಿ ಹೇಳಿದ್ದು ಹಿಂದಿನಿಂದ ಕೇಳಿಸಿತು. ಅನ್ನದ ಪಾತ್ರೆ ಇಳಿಸಿ, ಒಲೆ ಆರಿಸಿ, ಚಪ್ಪಲಿ ಮೆಟ್ಟದೆ ಓಡಿದೆ.

ಗೋಡೆ ಬಳಸಿ ಹೋಗಬೇಕು. ಐಸ್ ಗಾಡಿಗಳು ಓಡಾಡಿ ದಾರಿಯೆಲ್ಲ ಕೆಸರು. ಎದುರಿಗೆ ಬಂದವರೊಬ್ಬರು ಏನಾಯ್ತಮ್ಮ ಎಂದರು, ನಾನು ಉತ್ತರಿಸಲು ನಿಲ್ಲಲಿಲ್ಲ. ಪ್ರತಿ ಮನೆಯ ಮುಂದೆಯೂ ನನ್ನ ಕಣ್ಣು ಕಿಟಕಿಯೊಳಗಿನ ಟ್ಯೂಬ್‌ಲೈಟು ಹುಡುಕುತ್ತಿತ್ತು. ಕತ್ತಲಿದ್ದರೆ ಬದುಕಿದೆ ಎಂದುಕೊಳ್ಳುತ್ತಿದ್ದೆ. ನಮ್ಮ ಕಡೆಗೇ ಮೊದಲು ಕೊಡಿಸುತ್ತೇನೆ ಎಂದವನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಕರೆಂಟು ಬಂದು ಏನಾದರೂ ಆದರೆ ಅದು ನಾನು ಬೇಡಿ ತರಿಸಿದ ಕರೆಂಟು.

ಹಸಿರು ಗೇಟು ಸಿಕ್ಕಿತು. ಮೀಟರ್ ಬೋರ್ಡು ಜಗಲಿಯ ಗೋಡೆಯಲ್ಲಿತ್ತು, ಮರದ ಪೆಟ್ಟಿಗೆಯೊಳಗೆ. ಪೆಟ್ಟಿಗೆಗೆ ಚಿಲಕ ಹಾಕಿ ತಂತಿ ಸುತ್ತಿದ್ದರು. ತಂತಿ ಬಿಚ್ಚುವಷ್ಟರಲ್ಲಿ ಉಗುರು ಕಿತ್ತು ರಕ್ತ ಬಂತು. ಫ್ಯೂಸು ಗಟ್ಟಿಯಾಗಿ ಕೂತಿತ್ತು. ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬಂದ ರಭಸಕ್ಕೆ ಜಗಲಿಯ ಮೇಲೆ ಕುಕ್ಕರುಬಡಿದು ಕೂತೆ. ಕೂತಲ್ಲಿಂದ ಏಳುವ ಮೊದಲೇ ಎದುರು ಮನೆಯಲ್ಲಿ ಮಿಕ್ಸಿ ಕಿರ್ರೆಂದಿತು. ಆಚೆ ಮನೆಯ ರೇಡಿಯೋ ಹಾಡಿತು. ಐಸ್ ಫ್ಯಾಕ್ಟರಿಯ ಯಂತ್ರ ನಿಟ್ಟುಸಿರು ಬಿಟ್ಟು ಶುರುವಾಯಿತು. ಓಣಿಯಲ್ಲೆಲ್ಲ ಮಕ್ಕಳು ಕರೆಂಟು ಬಂತು ಎಂದು ಕೂಗಿದರು. ನನ್ನ ಬೆನ್ನ ಹಿಂದಿನ ಮನೆ ಮಾತ್ರ ಕತ್ತಲಾಗಿಯೇ ಇತ್ತು. ಕೈಯಲ್ಲಿದ್ದ ಫ್ಯೂಸನ್ನು ನೋಡುತ್ತಾ ಕೂತಿದ್ದವಳಿಗೆ ಬಾಗಿಲ ಸಂದಿಯಿಂದ ಬಂದ ವಾಸನೆ ಮೂಗಿಗೆ ಹೊಡೆದು ಎಚ್ಚರವಾಯಿತು.

ಎದುರು ಮನೆಯವರನ್ನು ಕರೆದೆ. ಏನು ಹೇಳಿದೆನೋ ನೆನಪಿಲ್ಲ, ಬೋರ್ಡಿನ ಕಡೆಗೂ ಬಾಗಿಲ ಕಡೆಗೂ ಕೈ ತೋರಿಸಿದ್ದು ನೆನಪಿದೆ. ಅವರಿಗೂ ವಾಸನೆ ಬಂತು. ಮಿಕ್ಸಿ ನಿಲ್ಲಿಸಿ ಓಡಿ ಬಂದರು. ಹಿತ್ತಿಲ ಬಾಗಿಲು ಬರೀ ಅಗಳಿಯದು, ಇಬ್ಬರು ಭುಜ ಕೊಟ್ಟಾಗ ತೆರೆಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿ ತಿರುಪು ಮುಚ್ಚಿದೆ, ಕಿಟಕಿ ತಳ್ಳಿದೆ. ಆಕೆ ಒಲೆಯ ಕೆಳಗೆ ಮಗ್ಗುಲಾಗಿ ಬಿದ್ದಿದ್ದಳು. ಕೂದಲಿಗೆಲ್ಲ ಹಾಲು ಮೆತ್ತಿತ್ತು. ಹೊತ್ತು ತಂದು ಎದುರು ಮನೆಯ ಜಗಲಿಯ ಮೇಲೆ ಮಲಗಿಸಿದೆವು. ನಾನಂದುಕೊಂಡಿದ್ದಕ್ಕಿಂತ ಬಹಳ ಸಣ್ಣ ಮೈಯ ಹೆಂಗಸು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ವಾಂತಿ ಮಾಡಿ ಉಸಿರೆಳೆದುಕೊಂಡಳು. ಓಣಿಯ ಬಾಯಲ್ಲಿರುವ ಡಾಕ್ಟರು ಬಂದು ಕಣ್ಣು, ನಾಡಿ ನೋಡಿ, ಸಕ್ಕರೆ ಕಡಿಮೆಯಾಗಿ ಬಿದ್ದಿದ್ದಾರೆ, ಗಾಳಿ ಆಡಲಿ, ಆಸ್ಪತ್ರೆ ಗಾಡಿಗೆ ಹೇಳಿದ್ದೇನೆ ಎಂದರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಎಂದವರು ಅಲ್ಲಿಗೇ ನಿಲ್ಲಿಸಿದರು.

ಆಟೋದಿಂದ ಒಬ್ಬ ಹೆಂಗಸು ಇಳಿದಳು. ದಪ್ಪ ಮೈ, ಬಿಚ್ಚಿದ ಜಡೆ. ಇಳಿದವಳು ಮುಂದೆ ಬರದೆ ಹಸಿರು ಗೇಟಿನ ಹತ್ತಿರವೇ ನಿಂತಳು. ಬನ್ನಿ ಎಂದು ನಾನೇ ಹೋಗಿ ಕೈ ಹಿಡಿದು ಕರೆದುಕೊಂಡು ಬಂದೆ. ಬಂದು ಅಂಬುಜಾಕ್ಷಮ್ಮನ ಕಾಲ ಬಳಿ ಕೂತಳು. ಆಕೆಯ ಮುಖ ನೋಡಲಿಲ್ಲ, ಪಾದ ನೋಡುತ್ತಿದ್ದಳು. ಅಂಬುಜಾಕ್ಷಮ್ಮ ಕಣ್ಣು ಬಿಟ್ಟು ಅವಳನ್ನು ಬಹಳ ಹೊತ್ತು ದಿಟ್ಟಿಸಿದಳು. ನನಗೆ ಒಳಗೊಳಗೇ ಅಂಜಿಕೆ. ಏನಾದರೂ ಕಹಿ ಮಾತು ಬರುತ್ತದೆ ಎಂದುಕೊಂಡೆ.

“ಕಾತ್ಯಾಯಿನಿ” ಎಂದಳು ಅಂಬುಜಾಕ್ಷಮ್ಮ. ದನಿ ಸೊರಗಿತ್ತು. “ನಿನ್ನೆ ನಿನ್ನ ಕುಕ್ಕರು ಅಷ್ಟು ಸಲ ಕೂಗಿತಲ್ಲ. ಬೇಳೆ ಕರಗಿ ನೀರಾಗಿರಬೇಕು.”

ಕಾತ್ಯಾಯಿನಿ ತಲೆ ಎತ್ತಲಿಲ್ಲ. “ಹೂಂ ಅತ್ತಿಗೆ. ಮರೆತು ಕೂತುಬಿಟ್ಟಿದ್ದೆ” ಎಂದಳು. ಆಮೇಲೆ ಅತ್ತಿಗೆಯ ಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದಳು. ನಾನು ಮುಖ ಆಚೆ ತಿರುಗಿಸಿದೆ.

ಆಗ ನನ್ನ ಮೊಬೈಲಿಗೆ ಕಂಪನಿಯ ಸಂದೇಶ ಬಂತು. ತಮ್ಮ ದೂರನ್ನು ಪರಿಗಣಿಸಿ ತಮ್ಮ ಸಾಲಿನ ಅನಿಲ ಪೂರೈಕೆಯನ್ನು ಮುಂದಿನ ಸೂಚನೆಯವರೆಗೆ ನಿಲ್ಲಿಸಲಾಗಿದೆ ಎಂದಿತ್ತು. ಬೇಕಾದಾಗ ಆಗದ್ದು ಈಗ ಆಗಿತ್ತು. ಸಾಲಿನ ಒಲೆಗಳೆಲ್ಲ ಒಟ್ಟಿಗೇ ಆರಿರಬೇಕು. ಕೆಮ್ಮುವವರು, ಕೂಸಿನ ತಾಯಿ, ಗೊತ್ತಿಲ್ಲ ಎಂದವರು, ಎಲ್ಲರೂ ಸತ್ತ ಬರ್ನರಿನ ಮುಂದೆ ನಿಂತಿದ್ದಾರೆ, ಆಕೆ ಉಳಿದಳೋ ಇಲ್ಲವೋ ತಿಳಿಯದೆ. ಅವರಿಗೆ ಹೇಳುವುದಾದರೂ ಹೇಗೆ? ಅವರು ಯಾರೆಂದೇ ನನಗೆ ಗೊತ್ತಿಲ್ಲ. 

ಆಸ್ಪತ್ರೆ ಗಾಡಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಮೊಣಕೈವರೆಗೆ ಹಿಟ್ಟು. ನಮ್ಮನ್ನು ನೋಡಿ ಅಲ್ಲೇ ನಿಂತಳು. ಅವಳ ಹಿಂದೆ ಕೂಸನ್ನು ಎತ್ತಿಕೊಂಡ ಒಬ್ಬಳು. ಸೈಕಲ್ ತಳ್ಳಿಕೊಂಡು ಒಬ್ಬಾತ. ಮಂಕಿ ಟೋಪಿ ಹಾಕಿಕೊಂಡ ವಯಸ್ಸಾದವರೊಬ್ಬರು. ಹೀಗೆ ಒಬ್ಬೊಬ್ಬರಾಗಿ ಬಂದು ಹಸಿರು ಗೇಟಿನ ಆಚೀಚೆ ನಿಂತರು. ಒಬ್ಬರನ್ನೊಬ್ಬರು ನೋಡುತ್ತಿದ್ದರು, ನೋಡಿದ್ದು ಗೊತ್ತಾದರೆ ಕಣ್ಣು ತಪ್ಪಿಸುತ್ತಿದ್ದರು. ಯಾರೂ ತುಟಿ ಬಿಚ್ಚಲಿಲ್ಲ. ಯಾಕೆಂದು ನನಗೆ ತಿಳಿಯಿತು. ಒಂದು ಮಾತಾಡಿದರೆ ಸಾಕು, ದನಿ ಗುರುತಾಗುತ್ತದೆ. ಇವಳ ಗಂಡನೇ ಅಲ್ಲವೇ ಹಾಗೆ ಅಂದದ್ದು, ಇವನೇ ಅಲ್ಲವೇ ತಾಯಿಯ ಹತ್ತಿರ ಹಾಗೆ ಕೂಗಾಡಿದ್ದು, ಇವಳೇ ಅಲ್ಲವೇ ದಿನಾ ಮಧ್ಯಾಹ್ನ ಬಿಕ್ಕುವವಳು. ಹಿಟ್ಟಿನ ಕೈಯವಳು ಜಗಲಿಯ ಮೇಲೆ ಮಲಗಿದವಳ ಎದೆ ಏರಿ ಇಳಿಯುವುದನ್ನು ದೂರದಿಂದಲೇ ಕಂಡಳೋ ಏನೋ, ಬಾಯಿಗೆ ಸೆರಗು ಒತ್ತಿಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು. ಉಳಿದವರು ಕದಲಲಿಲ್ಲ.

ನಾನು ಮೆಟ್ಟಿಲಿಳಿದು ಓಣಿಯ ನಡುವೆ ನಿಂತೆ. ಇಷ್ಟು ಜನರ ಎದುರು ನಾನು ಬಾಯಿ ತೆರೆದದ್ದು ಮದುವೆಯ ದಿನವೂ ಇಲ್ಲ. “ಬ... ಬ...” ಎಂದೆ. ಕೂಸಿನ ತಾಯಿ ತಟ್ಟನೆ ನನ್ನ ಕಡೆ ತಿರುಗಿದಳು. “ಬದು... ಬದುಕಿದ್ದಾರೆ. ಆ... ಆಸ್ಪತ್ರೆಗೆ ಕ... ಕರಕೊಂಡು ಹೋಗ್ತಾರೆ. ನಾನು ಕು... ಕು... ಕುಮುದಾ.”

ಯಾರೋ ಉಸಿರು ಬಿಟ್ಟರು. ಸೈಕಲ್ಲಿನವನು ತಲೆ ತಗ್ಗಿಸಿ ಕಾಲಿನಿಂದ ಮಣ್ಣು ಕೆರೆದ. ಮಂಕಿ ಟೋಪಿಯವರು ನಿಧಾನವಾಗಿ ಗುಂಪಿನಿಂದ ಈಚೆ ಬಂದು, ಮೆಟ್ಟಿಲ ಮೇಲೆ ಕೈಯೂರಿ ಕೂತು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಮಾತಾಡುವ ಮೊದಲೇ ಕೆಮ್ಮು ಬಂತು.

“ನಾನು ಗುರುಬಸವಯ್ಯ” ಎಂದರು ಎಲ್ಲರಿಗೂ ಕೇಳುವ ಹಾಗೆ. “ಕೋಟೆ ಕೇರಿಯಿಂದ ನಡಕೊಂಡು ಬಂದೆ. ಒಂದು ಲೋಟ ನೀರು ಸಿಗತ್ತೇನಮ್ಮ?”